ಒಣನೆಲದ ಒಂದು ಹಂಗಾಮಿನ ಹೂಗಳು

ಮಳೆ ಬಿದ್ದ ಕೂಡಲೇ ಮೊಳೆತು, ಮಣ್ಣಿನ ತೇವ ಆರುವುದರೊಳಗೆ ಹೂಬಿಟ್ಟು, ಬೀಜ ಕಟ್ಟಿ ಒಣಗಿಹೋಗುವ ಗಿಡಗಳನ್ನು ಸಸ್ಯಶಾಸ್ತ್ರದಲ್ಲಿ ಏಕವಾರ್ಷಿಕಗಳೆಂದು ಕರೆಯಲಾಗುತ್ತದೆ. ಅಮೆರಿಕದ ಡೆತ್ ವ್ಯಾಲಿಯಲ್ಲಿಯೂ ದಕ್ಷಿಣ ಆಫ್ರಿಕದ ನಮಾಕ್ವಾಲ್ಯಾಂಡಿನಲ್ಲಿಯೂ ಒಳ್ಳೆಯ ಮಳೆಯಾದ ವರ್ಷ ಬರಡು ನೆಲ ಹೂವಿನಿಂದ ತುಂಬುವುದು ಇಂಥ ಗಿಡಗಳಿಂದಲೇ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳು ಮರುಭೂಮಿಯಲ್ಲವಾದರೂ ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವುದರಿಂದ, ಇಲ್ಲಿಯ ಮಳೆ ಹೆಚ್ಚಾಗಿ ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಸುರಿದು, ನಡುವಿನ ಕಾಲ ಒಣಗಿರುತ್ತದೆ. ಈ ಎರಡು ಮಳೆಗಾಲಗಳಿಗೆ ತಕ್ಕಂತೆ ಬಾಳುವ ಏಕವಾರ್ಷಿಕ ಹೂಗಳು ಇಲ್ಲಿಯ ಹೊಲದ ಬದುಗಳಲ್ಲಿ ಧಾರಾಳವಾಗಿವೆ.

ಅವುಗಳಲ್ಲಿ ಮೂರು ಹೂದೋಟಕ್ಕೆ ಯೋಗ್ಯವಾದವು. ಶಿವಪೂಜೆಗೆ ಸಲ್ಲುವ ತುಂಬೆಯ ಬಿಳಿಯ ಹೂಗಳು ಕಾಂಡದ ಗಿಣ್ಣುಗಳಲ್ಲಿ ಉಂಡೆಯಾಗಿ ಅರಳುತ್ತವೆ. ಹೂವು ಉದುರಿದ ಬಳಿಕ ಪುಷ್ಪಪಾತ್ರೆಯ ಬುಡದಲ್ಲಿ ನಾಲ್ಕು ಪುಟ್ಟ ಬೀಜಗಳು ಉಳಿಯುತ್ತವೆ. ಬೆರಕೆ ಸೊಪ್ಪಿನಲ್ಲಿ ಸೇರುವ ಅಣ್ಣೆ ಸೊಪ್ಪಿನ ಗಿಡದ ಗುಲಾಬಿ ತೆನೆ ಬುಡದಿಂದ ಮೇಲಕ್ಕೆ ಬೆಳ್ಳಗಾಗುತ್ತ ಹೋಗುತ್ತದೆ, ಮಾಗಿದ ಕಾಯಿಯ ಮೇಲ್ಭಾಗ ಮುಚ್ಚಳದಂತೆ ಕಳಚಿಕೊಂಡು ಹೊಳೆಯುವ ಕಪ್ಪು ಬೀಜಗಳನ್ನು ಚೆಲ್ಲುತ್ತದೆ. ನಾಯಿಸಾಸಿವೆಯ ಹಳದಿ ಹೂವಿಗೆ ನಾಲ್ಕು ಎಸಳುಗಳಿದ್ದು, ಅದರ ಎಲೆ ಕಾಂಡಗಳು ಮುಟ್ಟಿದರೆ ಅಂಟುತ್ತವೆ.

ಈ ಬಗೆಯ ಗಿಡಗಳ ಆರೈಕೆಯನ್ನು ತಿಳಿಯಲು ಬೀಜದ ಸ್ವಭಾವವನ್ನು ಅರಿಯಬೇಕು. ತೇವ ಸಿಕ್ಕರೂ ಮೊಳೆಯದೆ ಜೀವ ಹಿಡಿದಿರುವ ಸ್ಥಿತಿಗೆ ಸುಪ್ತಾವಸ್ಥೆ ಎಂದು ಹೆಸರು. ಕ್ಯಾಲಿಫೋರ್ನಿಯದ ಮರುಭೂಮಿಗಳಲ್ಲಿ 1940ರ ದಶಕದಲ್ಲಿ ಅಧ್ಯಯನ ನಡೆಸಿದ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್, ಅಲ್ಲಿಯ ಅನೇಕ ಬೀಜಗಳು ಅರ್ಧ ಅಂಗುಲಕ್ಕಿಂತ ಕಡಿಮೆ ಮಳೆಗೆ ಮೊಳೆಯುವುದಿಲ್ಲವೆಂದೂ, ಮೊಳಕೆಯನ್ನು ತಡೆಯುವ ರಾಸಾಯನಿಕಗಳು ಮೇಲಿನಿಂದ ಬಿದ್ದ ನೀರಿನಲ್ಲಿ ತೊಳೆದುಹೋಗಬೇಕೆಂದೂ ತೋರಿಸಿದರು. ಇಂಥ ಬೀಜಗಳೆಲ್ಲ ಒಂದೇ ಮಳೆಗೆ ಮೊಳೆಯದೆ ಒಂದು ಪಾಲು ಮಣ್ಣಿನಲ್ಲೇ ಉಳಿಯುವುದರಿಂದ, ಒಂದು ಮಳೆ ಕೈಕೊಟ್ಟು ಸಸಿಗಳೆಲ್ಲ ಸುಟ್ಟುಹೋದರೂ ಸಂತತಿ ಅಳಿಯುವುದಿಲ್ಲ.

ಹನೂರಿನ ಕಡೆಯ ಮರಳು ಬೆರೆತ ಕೆಂಪು ಮಣ್ಣು ಈ ಹೂಗಳಿಗೆ ಇದ್ದಂತೆಯೇ ಸಾಕು. ಕೊಳ್ಳೇಗಾಲ ಸುತ್ತಿನ ಕಪ್ಪು ಮಣ್ಣಿನಲ್ಲಿಯೂ, ಸುವರ್ಣಾವತಿಯ ನೀರು ಹರಿಯುವ ಯಳಂದೂರಿನ ಗದ್ದೆ ಬಯಲಿನಲ್ಲಿಯೂ ತೇವ ಬಹುಕಾಲ ನಿಲ್ಲುವುದರಿಂದ, ಅಂಥ ಕಡೆ ಒಂದು ಗೇಣು ಎತ್ತರದ ಮಡಿ ಕಟ್ಟಿ, ಮರಳು ಬೆರೆಸಿ, ನೀರು ಬಸಿದುಹೋಗುವಂತೆ ಮಾಡಬೇಕು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗವನ್ನೇ ಆರಿಸಬೇಕು. ಮುಂಗಾರಿನ ಮೊದಲ ಹದ ಮಳೆ ಅಥವಾ ಹಿಂಗಾರಿನ ಹಸ್ತ, ಚಿತ್ತೆ ಮಳೆಗಳು ಬಿತ್ತನೆಗೆ ತಕ್ಕ ಕಾಲ. ಬೀಜ ಸಣ್ಣದಾದುದರಿಂದ ಒಣ ಮರಳಿನೊಂದಿಗೆ ಬೆರೆಸಿ ಎರಚಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಆಳಕ್ಕೆ ಹೂತರೆ ಸಸಿ ಮೇಲೇಳುವುದು ಕಷ್ಟ. ಬೇರು ಬೇಗನೆ ಆಳಕ್ಕಿಳಿಯುವುದರಿಂದ ಸಸಿ ಕಿತ್ತು ನೆಡುವುದಕ್ಕಿಂತ ಹೂವಾಗಬೇಕಾದಲ್ಲೇ ಬಿತ್ತುವುದು ಲೇಸು.

ಮಳೆ ಬಾರದಿದ್ದರೆ ಸಣ್ಣ ತೂತಿನ ಕೊಡದಿಂದ ಮೇಲ್ಮೈ ಕದಡದಂತೆ ಒಂದು ಸಲ ಚೆನ್ನಾಗಿ ನೀರುಣಿಸಿ, ಮೊಳಕೆ ಕಾಣುವವರೆಗೆ ಮೇಲ್ಮಣ್ಣು ಒಣಗದಂತೆ ನೋಡಿಕೊಳ್ಳಬೇಕು. ನಾಲ್ಕೆಲೆ ಮೂಡಿದ ಮೇಲೆ ಒತ್ತಾಗಿರುವ ಸಸಿಗಳನ್ನು ತೆಗೆದು, ಗಿಡದಿಂದ ಗಿಡಕ್ಕೆ ಗೇಣಿನಷ್ಟು ಅಂತರ ಬಿಟ್ಟು, ಆ ಬಳಿಕ ಮಣ್ಣು ಪೂರ್ತಿ ಆರಿದಾಗ ಮಾತ್ರ ನೀರು ಕೊಡಬೇಕು. ಕೊಟ್ಟಿಗೆ ಗೊಬ್ಬರವೂ ಯೂರಿಯವೂ ಇವಕ್ಕೆ ಬೇಡ, ಏಕೆಂದರೆ ಸಾರ ಹೆಚ್ಚಾದರೆ ಗಿಡ ಸೊಪ್ಪಾಗಿ ಬೆಳೆದು, ಕಾಂಡ ಮೆತ್ತಗಾಗಿ ಬಾಗಿ, ಹೂವು ಕಡಿಮೆಯಾಗುತ್ತದೆ.

ಅಮೆರಿಕ ಖಂಡಗಳ ಒಣನೆಲಗಳಿಂದ ಬಂದ ಗೈಲಾರ್ಡಿಯಾ ಮತ್ತು ಟೇಬಲ್ ರೋಸ್ ಕೂಡ ಇದೇ ಆರೈಕೆಗೆ ಒಗ್ಗುತ್ತವೆ. ಆದರೆ ಬೇಗ ಬೆಳೆದು ಅಪಾರ ಬೀಜ ಉದುರಿಸುವ ಗುಣವೇ ಹೊರಗಿನ ಗಿಡವನ್ನು ಕಳೆಯಾಗಿಸಬಲ್ಲದು. 1956ರಲ್ಲಿ ಪುಣೆಯಿಂದ ವರದಿಯಾದ ಅಮೆರಿಕ ಮೂಲದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ, ಇಂದು ಈ ತಾಲ್ಲೂಕುಗಳ ಹೊಲಗಳಲ್ಲಿಯೂ ತುಂಬಿದೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಸಂರಕ್ಷಿತ ಕಾಡು ಹತ್ತಿರವಿರುವ ಊರುಗಳಲ್ಲಿ ಪರಿಚಯವಿಲ್ಲದ ವಿದೇಶಿ ಬೀಜಗಳನ್ನು ಎರಚದಿರುವುದೇ ವಿವೇಕ, ನೆಲದ ಹೂಗಳನ್ನೇ ಮೊದಲು ಆರಿಸುವುದು ಕರ್ತವ್ಯ.

ಹೂವು ಮುಗಿದೊಡನೆ ಗಿಡವನ್ನು ಕೀಳುವುದು ಈ ತೋಟಗಾರಿಕೆಯಲ್ಲಿ ದೊಡ್ಡ ನಷ್ಟ. ತೆನೆಗಳು ಒಣಗಿ ಬೀಜ ಉದುರುವವರೆಗೆ ಗಿಡ ನಿಲ್ಲಬೇಕು. ಒಂದಿಷ್ಟು ಬೀಜವನ್ನು ನೆರಳಿನಲ್ಲಿ ಆರಿಸಿ ಕಾಗದದ ಪೊಟ್ಟಣದಲ್ಲಿಟ್ಟು, ಉಳಿದುದನ್ನು ಮಡಿಗೇ ಬಿಟ್ಟು, ಮುಂದಿನ ಹದ ಮಳೆಯವರೆಗೆ ಆ ಮಣ್ಣನ್ನು ಅಗೆಯದಿರಬೇಕು. ಆ ಮಳೆಗೆ ಯಾರೂ ಬಿತ್ತದೆ ಎದ್ದ ಸಸಿಗಳನ್ನು ಗುರುತಿಸಿ ಕಳೆಯೊಂದಿಗೆ ಕೀಳದೆ ಉಳಿಸಿಕೊಂಡವರ ಅಂಗಳದಲ್ಲಿ, ಬೀಜ ಕೊಳ್ಳುವ ಖರ್ಚಿಲ್ಲದೆ, ಈ ಹೂಗಳು ತಮ್ಮ ಹಂಗಾಮನ್ನು ತಾವೇ ನಡೆಸಿಕೊಂಡು ಹೋಗುತ್ತವೆ.