ಮೈಗೆ ತಕ್ಕ ಬೈಕು

1992ರಲ್ಲಿ ನೆದರ್ಲೆಂಡ್ಸ್‌ನ ಆಸೆನ್ ಟ್ರ್ಯಾಕ್‌ನಲ್ಲಿ ಬಿದ್ದ ಆಸ್ಟ್ರೇಲಿಯಾದ ರೇಸರ್ ಮಿಕ್ ಡೂಹಾನ್ ಅವರ ಬಲಗಾಲು ಮುರಿಯಿತು. ಕಾಲನ್ನೇ ಕತ್ತರಿಸಬೇಕಾದೀತು ಎಂಬಷ್ಟು ಪೆಟ್ಟು. ಕಾಲೇನೋ ಉಳಿಯಿತು, ಪಾದದ ಕೀಲು ಮಾತ್ರ ಮೊದಲಿನಂತೆ ಆಡಲಿಲ್ಲ. ಹಿಂದಿನ ಬ್ರೇಕ್ ಒತ್ತಬೇಕಾದದ್ದು ಅದೇ ಪಾದದಿಂದ! ತಂಡದವರು ಆ ಬ್ರೇಕನ್ನು ಹ್ಯಾಂಡಲ್‌ನ ಎಡಬದಿಗೆ ತಂದು, ಹೆಬ್ಬೆರಳಲ್ಲಿ ಒತ್ತುವ ಪುಟ್ಟ ಲಿವರ್ ಕೂರಿಸಿದರು. ಡೂಹಾನ್ 1994ರಿಂದ 1998ರವರೆಗೆ ಸತತ ಐದು ಸಲ 500 ಸಿಸಿ ವಿಶ್ವ ಚಾಂಪಿಯನ್ ಆದರು. ಇಂದು ಕಾಲು ಗಟ್ಟಿಯಿರುವ ಮೋಟೊಜಿಪಿ ಸವಾರರೂ ಹೆಬ್ಬೆರಳ ಬ್ರೇಕ್ ಹಾಕಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಸೊಂಟ ಹಿಡಿದುಕೊಂಡರೆ, ಮಂಡಿ ನೋಯತೊಡಗಿದರೆ ಮನೆಯವರು ಮೊದಲು ಹೇಳುವುದೇ ‘ಬೈಕ್ ಮಾರಿಬಿಡಿ’ ಎಂದು. ಆದರೆ ಕಂಪನಿಯವರು ಗಾಡಿ ಕಟ್ಟುವುದು ಸರಾಸರಿ ಮೈಕಟ್ಟಿಗೆ. ನೋವಿರುವ ಮೈಗೆ ಅದನ್ನು ಹೊಂದಿಸುವ ಕೆಲಸ ಬಾಕಿ ಉಳಿದಿರುತ್ತದೆ. ಅದನ್ನು ಮಾಡಿಸದೆಯೇ ಗಾಡಿ ಬಿಡುವುದು ಅವಸರದ ತೀರ್ಮಾನ.

ಸವಾರ ಗಾಡಿಯನ್ನು ಮುಟ್ಟುವುದು ಮೂರು ಕಡೆ: ಸೀಟು, ಹ್ಯಾಂಡಲ್, ಫುಟ್‌ರೆಸ್ಟ್. ಒಂದನ್ನು ಕದಲಿಸಿದರೆ ಉಳಿದೆರಡರ ಲೆಕ್ಕವೂ ಬದಲಾಗುತ್ತದೆ. ನೆಲಕ್ಕೆ ಕಾಲು ಸಿಗಲೆಂದು ಸೀಟಿನ ಸ್ಪಾಂಜು ಕೊಯ್ಯಿಸಿದವರ ಮಂಡಿ ಇನ್ನಷ್ಟು ಮಡಚಿಕೊಂಡು, ಹಳೆಯ ನೋವು ಇಮ್ಮಡಿಯಾಗುವುದು ಹೀಗೆಯೇ.

ಸೀಟಿನ ಕೆಲಸದಲ್ಲಿ ಕೈ ಪಳಗಿದವರು ಮೊದಲು ನೋಡುವುದು ಅಗಲವನ್ನು. ಟ್ಯಾಂಕಿನ ಬಳಿ ಸೀಟು ಅಗಲವಾಗಿದ್ದರೆ ತೊಡೆಗಳು ಕವಲೊಡೆದು, ಪಾದ ನೆಲಕ್ಕೆ ಎಟುಕುವುದಿಲ್ಲ. ಆ ಮುಂಭಾಗದ ಅಂಚನ್ನಷ್ಟೇ ಕೆತ್ತಿದರೆ ಕಾಲು ನೇರ ಇಳಿಯುತ್ತದೆ, ಕೂರುವ ಜಾಗದ ಸ್ಪಾಂಜು ಹಾಗೇ ಉಳಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಹೋಗುವವರು ಗಾಡಿಯ ಮೇಲೆ ಕೂತು ತೋರಿಸಿ, ಸ್ವಲ್ಪ ಸ್ವಲ್ಪವೇ ಕೆತ್ತಿಸಿಕೊಳ್ಳುವುದು ಒಳ್ಳೆಯದು. ಹೊಸ ಗಾಡಿ ಕೊಳ್ಳುವವರಿಗಂತೂ ಎತ್ತರದ ಆಯ್ಕೆ ದೊಡ್ಡದಿದೆ: ಬಜಾಜ್ ಅವೆಂಜರ್ 220ರ ಸೀಟು 737 ಮಿಲಿಮೀಟರ್, ಸ್ಪ್ಲೆಂಡರ್ ಪ್ಲಸ್‌ನದು 785. ಹಿಮಾಲಯನ್ 450ರಲ್ಲಿ 825ರಿಂದ 845ಕ್ಕೆ ಏರಿಸಿಕೊಳ್ಳಬಹುದು. ಅವೆಂಜರ್ ಚಿಕ್ಕ ಕಾಲಿನವರಿಗೆ ಹಿತ. ಆದರೆ ಕಾಲು ಮುಂದೆ ಚಾಚಿ ಕೂತಾಗ ಗುಂಡಿಯ ಹೊಡೆತವೆಲ್ಲ ನೇರ ಬೆನ್ನುಮೂಳೆಗೇ ಬರುತ್ತದೆ. ಡಿಸ್ಕ್ ಜಾರಿದವರು ಇದನ್ನು ಓಡಿಸಿ ನೋಡಿಯೇ ಕೊಳ್ಳಬೇಕು.

ಮಣಿಕಟ್ಟಿನ ನೋವಿಗೆ ಬಹಳ ಸಲ ಖರ್ಚೇ ಇಲ್ಲ, ಒಂದು ಸ್ಪ್ಯಾನರ್ ಸಾಕು. ಲಿವರ್ ಮೇಲೆ ಬೆರಳಿಟ್ಟಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಕೈ ನೇರವಿರಬೇಕು. ಲಿವರ್ ಮೇಲೆದ್ದು ನಿಂತಿದ್ದರೆ ಬೋಲ್ಟ್ ಸಡಿಲಿಸಿ ತುಸು ಕೆಳಗೆ ತಿರುಗಿಸಿದರಾಯಿತು. ಕ್ಲಚ್ ಬಿಗಿಯಾಗಿದ್ದರೆ ಕೇಬಲ್‌ಗೆ ಎಣ್ಣೆ ಬಿಡಬೇಕು, ಎಳೆ ಬಿಚ್ಚಿಕೊಂಡಿದ್ದರೆ ಬದಲಿಸಬೇಕು. ಬೆನ್ನು ಬಾಗುವುದು ತಪ್ಪಲೆಂದು ಹ್ಯಾಂಡಲ್ ಎತ್ತರಿಸುವವರು ಒಂದು ಪರೀಕ್ಷೆ ಮಾಡಲೇಬೇಕು: ಗಾಡಿ ನ್ಯೂಟ್ರಲ್‌ನಲ್ಲಿ ಚಾಲೂ ಇರುವಾಗ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸುವುದು. ಎಂಜಿನ್ ತಾನಾಗಿ ಜೋರಾದರೆ ಆಕ್ಸಿಲರೇಟರ್ ಕೇಬಲ್ ಗಿಡ್ಡವಾಗಿದೆ ಎಂದರ್ಥ. ಹಾಗೆಯೇ ರಸ್ತೆಗಿಳಿದರೆ ತಿರುವಿನಲ್ಲಿ ಪ್ರಾಣಕ್ಕೇ ಅಪಾಯ.

ಪಾದ ಮೇಲೆತ್ತಲಾಗದವರಿಗೆ ಹಿಮ್ಮಡಿಯಿಂದಲೂ ಒತ್ತಬಹುದಾದ ಉದ್ದ ಗೇರ್ ಲಿವರ್ ಉಪಕಾರಿ. ನಮ್ಮ ಎಷ್ಟೋ ಸಾಧಾರಣ ಬೈಕುಗಳಲ್ಲಿ ಅದು ಮೊದಲೇ ಇರುತ್ತದೆ. ಹಳೆಯ ಗಾಡಿಗಳಲ್ಲಿ ಆಯ್ಕೆ ಬೇರೆ ಬಗೆಯದು, ಗೇರ್ ಯಾವ ಕಾಲಿಗೆ ಬೇಕು ಎಂಬುದು. ಬುಲೆಟ್‌ನ ಗೇರ್ ಬಲಗಾಲಿಗೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳ ಗೇರ್ ಎಡಗಾಲಿಗೆ. ಜಾವಾದಲ್ಲಿ ಅದೇ ಲಿವರ್ ಕಿಕ್ಕರ್ ಕೂಡ ಹೌದು.

ಸಮತೋಲನವೇ ಕಷ್ಟವಾದವರಿಗೆ ಗೇರಿಲ್ಲದ ಸ್ಕೂಟರಿನ ಹಿಂದೆ ಎರಡು ಪಕ್ಕದ ಚಕ್ರ ಜೋಡಿಸುವ ಕೆಲಸ ಊರೂರಲ್ಲಿ ನಡೆಯುತ್ತದೆ. ಲಿವರ್ ತಿರುಗಿಸುವುದಕ್ಕೆ, ಸೀಟು ಕೆತ್ತಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಚಕ್ರ ಜೋಡಿಸುವ ಮಾತೇ ಬೇರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ಅಂಗವೈಕಲ್ಯ ಇರುವವರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಪ್ರತ್ಯೇಕ ವ್ಯಾಖ್ಯೆ ಕೊಟ್ಟು, ಅದರ ಲೈಸೆನ್ಸನ್ನೂ ಬೇರೆ ಇರಿಸಿದೆ. ವೆಲ್ಡಿಂಗ್ ಅಂಗಡಿಗೆ ಹೋಗುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಿಕೊಂಡರೆ ಮುಂದೆ ವಿಮೆಯವರ ಜತೆ ತಕರಾರಿಗೆ ಆಸ್ಪದವಿರುವುದಿಲ್ಲ.