ಡಬ್ಬಿ ಬಂತು, ಕನ್ನಡ ಹೋಯ್ತು

ನಮ್ಮ ಮಡಕಶಿರಾ ಸೀಮೆಯಲ್ಲಿ ಮೊದಲು ಕೇಬಲ್ ಅಂದ್ರೆ ಒಂದೇ ತಂತಿ. ತೆಲುಗೂ ಕನ್ನಡವೂ ಅದರಲ್ಲೇ ಬರುತ್ತಿದ್ದವು. ಹಳ್ಳಿಗಳಿಗೂ ಡಿಜಿಟಲ್ ಆಗಬೇಕೆಂದು 2017ರ ಮಾರ್ಚ್ 31ರ ಗಡುವು ಬಿತ್ತು. ಡಬ್ಬಿ ಬಂತು. ಚಿತ್ರವೇನೋ ಸ್ವಚ್ಛ, ಸುಳ್ಳು ಹೇಳಬಾರದು. ಆದರೆ ಕಟ್ಟಿದ ದುಡ್ಡಿಗೆ ತೆರೆದದ್ದು ತೆಲುಗು ಚಾನೆಲ್‌ಗಳಷ್ಟೇ. ಎರಡೂ ಭಾಷೇಲಿ ಪದ್ಯ ಬರೆಯೋ ನನಗೆ ತೆಲುಗು ಬೇಡ ಅಂತಲ್ಲ. ಅವ್ವ ಕೇಳಿದಳು, "ಯಾಕಪ್ಪಾ, ನನ್ನ ಧಾರಾವಾಹಿ ನಿಂತೋಯ್ತಾ?"

ಕೇಬಲಿನವನು "ಅದಿ ವೇರೇ ಪ್ಯಾಕ್ ಅನ್ನಾ" ಅಂದ. 2019ರ ಫೆಬ್ರವರಿಯಿಂದ ಬೇಕಾದ ಚಾನೆಲ್ ಆರಿಸಿಕೊಳ್ಳಿ ಎಂದು ನಿಯಮ ಬಂತು. ಆರಿಸಿದೆವು, ಒಂದೊಂದಕ್ಕೂ ದುಡ್ಡು, ಮೇಲೆ ತೆರಿಗೆ. ಕಡಲೆಕಾಯಿ ಕೈಕೊಟ್ಟ ವರ್ಷ ನಿಲ್ಲಿಸಿ, ದೂರದರ್ಶನದ ಫ್ರೀ ಡಿಶ್ ಹಾಕಿಸಿದೆ. ತಿಂಗಳ ಬಾಡಿಗೆಯಿಲ್ಲ, ಚಂದನ ಬರುತ್ತೆ. ಜೋರು ಮಳೆಗೆ ಚಿತ್ರ ಚೂರುಚೂರಾಗುತ್ತೆ. ನಮ್ಮಲ್ಲಿ ಮಳೆಯೇ ಅಪರೂಪ ಬಿಡಿ. ಅವ್ವನ ಧಾರಾವಾಹಿ ಮಾತ್ರ ಅದರಲ್ಲಿಲ್ಲ.