ಕರಡಿಗಳು ಸಿಕ್ಕಿಬಿದ್ದಿದ್ದಾರೆಯೆ?

ಅಮೆರಿಕೆಯಲ್ಲಿ ನೌಕರಿಯಲ್ಲಿರುವ ನಮ್ಮ ಸೋದರಳಿಯನು ಕಳೆದ ದೀಪಾವಳಿಗೆ ಊರಿಗೆ ಬಂದಾಗ, ಮನೆ ಕಟ್ಟಿಸಲು ಕೂಡಿಟ್ಟ ಹಣದ ಅರ್ಧವನ್ನು ಅಲ್ಲಿಯ ಒಂದೇ ಕಂಪನಿಯ ಷೇರಿಗೆ ಹಾಕುವ ಯೋಚನೆಯಲ್ಲಿದ್ದನು. "ಕರಡಿಗಳು ಸಿಕ್ಕಿಬಿದ್ದಿದ್ದಾರೆ ಮಾಮಾ, ತಿಂಗಳೊಳಗೆ ಹತ್ತು ಪಟ್ಟು" ಎಂದನು. ಹೀಗೆಂದು ಅವನಿಗೆ ಹೇಳಿದವರು ಅದೇ ಷೇರನ್ನು ಮೊದಲೇ ಕೊಂಡು ಕುಳಿತಿದ್ದ ಗೆಳೆಯರು!

ಹೀಗಾಗುವುದು ಉಂಟೆಂಬುದನ್ನು ನಾವು ಅಲ್ಲಗಳೆಯಲಿಲ್ಲ. ನೆರೆಯವರಿಂದ ಎರಡು ಚೀಲ ಜೋಳವನ್ನು ಕಡ ತಂದು, ಇಂದಿನ ದುಬಾರಿ ಧಾರಣೆಗೆ ಮಾರಿ, ಸುಗ್ಗಿಯಲ್ಲಿ ಅಗ್ಗಕ್ಕೆ ಕೊಂಡು ತೀರಿಸುವೆನೆಂದು ಎಣಿಸುವವನಂತೆ, ಷೇರನ್ನು ಎರವಲು ತಂದು ಮಾರುವವರಿದ್ದಾರೆ. ಧಾರಣೆ ಇಳಿಯದೆ ಏರಿದರೆ ಅವರು ಹೆದರಿ, ಕೇಳಿದಷ್ಟು ಕೊಟ್ಟು ಕೊಳ್ಳಬೇಕಾಗುತ್ತದೆ. ಅದರಿಂದ ಬೆಲೆ ಇನ್ನಷ್ಟು ಏರುತ್ತದೆ. ಇದನ್ನೇ 'ಶಾರ್ಟ್ ಸ್ಕ್ವೀಜ್' ಎನ್ನುವರು.

ಇದರ ನಿಚ್ಚಳ ನಿದರ್ಶನ ಜರ್ಮನಿಯಲ್ಲಿ ದೊರೆಯುತ್ತದೆ. ಫೋಕ್ಸ್‌ವ್ಯಾಗನ್ ಷೇರುಗಳಲ್ಲಿ ಶೇ. 42.6 ತನ್ನ ಕೈಯಲ್ಲಿವೆ, ಇನ್ನು ಶೇ. 31.5ರ ಮೇಲೆ ಆಪ್ಷನ್ ಕರಾರುಗಳಿವೆ ಎಂದು ಪೋರ್ಷೆ ಕಂಪನಿಯು 2008ರ ಅಕ್ಟೋಬರ್ 26ರಂದು ಪ್ರಕಟಿಸಿತು. ಲೋಯರ್ ಸ್ಯಾಕ್ಸನಿ ರಾಜ್ಯದ ಬಳಿ ಸುಮಾರು ಶೇ. 20 ಇದ್ದವು. ಪೇಟೆಗೆ ಉಳಿದದ್ದು ಶೇ. 6ರಷ್ಟು; ಎರವಲು ತಂದು ಮಾರಿದ್ದು ಅದರ ಇಮ್ಮಡಿ. ಸುಮಾರು 210 ಯೂರೋ ಇದ್ದ ಬೆಲೆ ಎರಡೇ ದಿನಗಳ ವಹಿವಾಟಿನಲ್ಲಿ 1,000 ದಾಟಿತು. ಮರುದಿನ ಪೋರ್ಷೆಯು ಶೇ. 5ರವರೆಗೆ ಬಿಟ್ಟುಕೊಡುವುದಾಗಿ ಸಾರಿದೊಡನೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. ಬೀಗದ ಕೈ ಯಾರಲ್ಲಿತ್ತೆಂಬುದನ್ನು ಓದುಗರು ಗಮನಿಸಬೇಕು.

ಅಳಿಯನು ಮಾತುಮಾತಿಗೂ ಹೆಸರಿಸಿದ್ದು ಗೇಮ್‌ಸ್ಟಾಪ್ ಕಂಪನಿಯನ್ನು. 2021ರ ಜನವರಿಯ ಆರಂಭದಲ್ಲಿ ಸುಮಾರು 17 ಡಾಲರ್ ಇದ್ದ ಆ ಷೇರು 28ರಂದು 483ಕ್ಕೆ ಮುಟ್ಟಿ, ಫೆಬ್ರವರಿ ಮೂರನೆಯ ವಾರಕ್ಕೆ 40ರ ಆಸುಪಾಸಿಗೆ ಇಳಿಯಿತು. ಅಲ್ಲಿ ಪೇಟೆಯಲ್ಲಿದ್ದುದಕ್ಕಿಂತ ಹೆಚ್ಚು ಷೇರು ಎರವಲು ಮಾರಾಟವಾಗಿತ್ತೆಂಬುದು ನಿಜ. ಆದರೂ ಆ ದೇಶದ ಷೇರು ನಿಯಂತ್ರಣ ಆಯೋಗದ ಸಿಬ್ಬಂದಿ ಅದೇ ವರ್ಷ ಅಕ್ಟೋಬರಿನಲ್ಲಿ ಕೊಟ್ಟ ವರದಿಯಂತೆ, ಒಟ್ಟು ಕೊಳ್ಳುವಿಕೆಯಲ್ಲಿ ಕರಡಿಗಳ ಪಾಲು ಅಲ್ಪವೇ. ಬೆಲೆಯನ್ನು ಎತ್ತಿ ಹಿಡಿದವರು ಹೊಸದಾಗಿ ಕೊಂಡವರು. ಅವರಲ್ಲಿ ತಡವಾಗಿ ಬಂದವರ ಗತಿ ಏನಾಗಿರಬೇಕು?

ಆಮೇಲೆ ಅಳಿಯನ ಕಂಪನಿಯ ಲೆಕ್ಕಕ್ಕೆ ಕುಳಿತೆವು. ಅಮೆರಿಕೆಯಲ್ಲಿ ಎರವಲು ಮಾರಾಟದ ಅಂಕಿಗಳು ತಿಂಗಳಿಗೆ ಎರಡು ಬಾರಿ ಮಾತ್ರ, ಅದೂ ಕೆಲವು ದಿನ ತಡವಾಗಿ ಪ್ರಕಟವಾಗುತ್ತವೆ. ಅವನಿಗೆ ತೋರಿಸಿದ್ದ ಅಂಕಿಗೆ ಎರಡು ತಿಂಗಳು ತುಂಬಿತ್ತು. ಹೊಸ ಅಂಕಿಯಂತೆ, ಪೇಟೆಯಲ್ಲಿ ಕೈಬದಲಾಗುವ ಷೇರುಗಳಲ್ಲಿ ನೂರಕ್ಕೆ ಹನ್ನೆರಡು ಮಾತ್ರ ಎರವಲಿನವು. ನಿತ್ಯದ ವಹಿವಾಟನ್ನು ನೋಡಿದರೆ ಎರಡು ದಿನಗಳ ಮಾರಾಟಕ್ಕೆ ಸಮ. ಅಷ್ಟು ಸಲೀಸಾಗಿ ತೀರಿಸಬಹುದಾದ ಸಾಲದಲ್ಲಿ ಇಕ್ಕಟ್ಟು ಎಲ್ಲಿಯದು? "ಇದನ್ನು ಯಾರೂ ಹೇಳಲೇ ಇಲ್ಲ" ಎಂದು ಅವನು ಸುಮ್ಮನಾದನು.

ಮನೆಯ ಹಣ ಬ್ಯಾಂಕಿನಲ್ಲಿಯೇ ಉಳಿಯಿತು. ಆಸೆ ತಡೆಯದೆ ನೂರು ಡಾಲರಿನ ಷೇರು ಕೊಂಡನೆಂದು ಆಮೇಲೆ ತಿಳಿಯಿತು. ಅದಕ್ಕೆ ನಮ್ಮ ಆಕ್ಷೇಪಣೆ ಇರಲಿಲ್ಲ. ನಮ್ಮ ತಂಗಿಯದು ಮಾತ್ರ ಇನ್ನೂ ಇದೆ.